ಚೆಂಡು ಕೈಯಲ್ಲಿಲ್ಲದಾಗ

ಈ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾದ ನಾನೂ ಒಂದು ಲೇಖನ ಬರೆಯಬೇಕೆಂದು ಸಂಪಾದಕ ಮಂಡಲಿಯವರ ಅಪ್ಪಣೆಯಾಗಿದೆ. ಶಾಲೆಯ ಬಾಸ್ಕೆಟ್‌ಬಾಲ್ ತಂಡದಲ್ಲಿ ನಾನು ಗಾರ್ಡ್ ಆಗಿದ್ದವನು. ಈಗ ಕುಂಬಾರಕೊಪ್ಪಲಿನ ಹುಡುಗರಿಗೆ ಸಂಜೆಯ ವೇಳೆ ಅದೇ ಆಟವನ್ನು ಹೇಳಿಕೊಡುತ್ತಿದ್ದೇನೆ. ಹೆಸರೇ ಸೂಚಿಸುವಂತೆ ಕುಂಬಾರರ ಕೊಪ್ಪಲು. ಇಂದು ಮೈಸೂರು ನಗರದೊಳಗೇ ಸೇರಿಹೋಗಿದೆ. 28 ಮೀಟರ್ ಉದ್ದ, 15 ಮೀಟರ್ ಅಗಲದ ಅಂಕಣವಿದ್ದರೆ ಸಾಕೆನ್ನುವ ಈ ಆಟ ಇಕ್ಕಟ್ಟಿನ ಬಡಾವಣೆಗಳಿಗೆ ಚೆನ್ನಾಗಿ ಒಪ್ಪುತ್ತದೆ. (ದಾನಿಗಳು ಗಮನಿಸಬೇಕಾಗಿ ವಿನಂತಿ.)

ಐವರ ತಂಡದಲ್ಲಿ ಸಾಮಾನ್ಯವಾಗಿ ಇಬ್ಬರು ಗಾರ್ಡ್‌ಗಳು. ಒಬ್ಬನು ಚೆಂಡನ್ನು ಪುಟಿಸುತ್ತ ತಂದು ಆಟ ಹೂಡುತ್ತಾನೆ. ಮತ್ತೊಬ್ಬನು ಚೆಂಡಿಲ್ಲದೆ ಓಡಾಡಿ, ತೆರವಾದೆಡೆಯಲ್ಲಿ ಅದನ್ನು ಪಡೆದು ಗುರಿಯಿಡುತ್ತಾನೆ. ನೋಡುವವರ ಕಣ್ಣಿಗೆ ಮೊದಲನೆಯವನೇ ದೊಡ್ಡವನು.

ನಮ್ಮಲ್ಲಿ ಚೆಂಡಾಡಿಸುವುದರಲ್ಲಿ ಬಲು ಚತುರನಾದ ಬಾಲಕನೊಬ್ಬನಿದ್ದಾನೆ. ಅವನ ಗುರಿ ಇನ್ನೂ ಚೊಕ್ಕ. ಆದರೆ ಎದುರಾಳಿಗಳಲ್ಲಿ ಇಬ್ಬರು ಅವನನ್ನು ಮುತ್ತುತ್ತಿದ್ದರು. ನಮ್ಮ ನಾಲ್ವರು ನಿಂತು ನೋಡುತ್ತಿದ್ದರು. ಚೆಂಡು ತರುವ ಕೆಲಸವನ್ನು ಇನ್ನೊಬ್ಬನಿಗೆ ವಹಿಸಿ ಇವನನ್ನು ಬದಿಗೆ ಕಳುಹಿಸಿದೆ. ಮರುದಿನವೇ ತಂದೆ ಬಂದರು.

"ಚೆಂಡು ಹಿಡಿಯದ ಹುಡುಗನನ್ನು ಆಯ್ಕೆ ಮಾಡೋರು ನೋಡ್ತಾರಾ ಸಾರ್? ಕ್ರೀಡಾ ಕೋಟಾದಲ್ಲಾದರೂ ಒಂದು ಸೀಟು ಸಿಗಲಿ ಅಂತ ನಾವು ಕಾಯ್ತಿದೀವಿ."

ಆ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಚೆಂಡನ್ನು ಒದಗಿಸಿದವನ ಹೆಸರಿಗೆ ಅಸಿಸ್ಟ್ ಬರೆಯುತ್ತಾರೆ. ಅಡ್ಡನಿಂತು ದಾರಿ ಬಿಡಿಸಿದವನ ಹೆಸರನ್ನು ಯಾರೂ ಬರೆಯುವುದಿಲ್ಲ.

ಆದರೆ ಲೆಕ್ಕ ನೋಡಿ. ಪಂದ್ಯ 40 ನಿಮಿಷ, ಆಟಗಾರರು ಹತ್ತು ಮಂದಿ, ಚೆಂಡು ಒಂದು. ಸಮಪಾಲು ಮಾಡಿದರೆ ತಲೆಗೆ 4 ನಿಮಿಷ. ಮಿಕ್ಕ 36 ನಿಮಿಷ ಏನು ಮಾಡುತ್ತಾನೆಂಬುದರಲ್ಲಿಯೇ ಗಾರ್ಡ್‌ನ ಬೆಲೆ ಇದೆಯೆಂಬುದು ನನ್ನ ಅಭಿಮತ. 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಜೇಮ್ಸ್ ನೈಸ್ಮಿತ್ ರಚಿಸಿದ 13 ನಿಯಮಗಳಂತೆ, ಚೆಂಡು ಹಿಡಿದವನು ಓಡುವಂತಿರಲಿಲ್ಲ, ಹಿಡಿದಲ್ಲಿಂದಲೇ ಎಸೆಯಬೇಕಿತ್ತು. ಓಟವೆಲ್ಲ ಚೆಂಡಿಲ್ಲದವರದೇ.

ಆ ಓಟಕ್ಕೂ ವಿದ್ಯೆ ಬೇಕು. ಕಾವಲುಗಾರನನ್ನು ಬುಟ್ಟಿಯತ್ತ ಎರಡು ಹೆಜ್ಜೆ ಎಳೆದೊಯ್ದು ತಟ್ಟನೆ ಹೊರಕ್ಕೆ ಸರಿಯಬೇಕು. ಜೊತೆಗಾರನ ಸ್ಕ್ರೀನಿಗೆ ಭುಜ ತಾಗುವಷ್ಟು ಹತ್ತಿರದಿಂದ ಹಾಯಬೇಕು. ಕಾವಲುಗಾರ ಚೆಂಡಿನತ್ತ ತಲೆ ತಿರುಗಿಸಿದೊಡನೆ ಅವನ ಬೆನ್ನ ಹಿಂದೆ ನುಸುಳಬೇಕು. ಬುಟ್ಟಿಯಿಂದ 6.75 ಮೀಟರ್ ದೂರದ ಮೂರಂಕದ ಗೆರೆಯಾಚೆ ಚೊಕ್ಕ ಗುರಿಯವನೊಬ್ಬ ಸುಮ್ಮನೆ ನಿಂತರೂ ಸಾಕು, ಕಾವಲುಗಾರ ಅಲ್ಲಿಗೇ ಹೋಗಬೇಕಾಗುತ್ತದೆ. ನಡುವೆ ಬಯಲು ತೆರೆಯುತ್ತದೆ.

ತಂದೆಯವರಿಗೆ 2017ರ ಜುಲೈ ತಿಂಗಳ ಸಂಗತಿಯನ್ನು ಹೇಳಿದೆ. ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ಬಿ ವಿಭಾಗದ ಅಂತಿಮ ಪಂದ್ಯ. ನಮ್ಮ ರಾಜ್ಯದ ಬಾಂಧವ್ಯ, ನವನೀತಾ ಇದ್ದ ಭಾರತ ತಂಡ ಕಜಕಸ್ತಾನವನ್ನು 75-73ರಿಂದ ಸೋಲಿಸಿತು. ಅಂತರ ಒಂದೇ ಬುಟ್ಟಿ. ಅಂಥ ಪಂದ್ಯದಲ್ಲಿ ದಾಖಲೆಯಾಗದ ಒಂದು ಅಡ್ಡನಿಲುವೂ ಗೆಲುವಿನ ಪಾಲುದಾರನೇ ಅಲ್ಲವೆ? ಅವರು ತಲೆದೂಗಿದರು, ಒಪ್ಪಿದಂತೆ ತೋರಲಿಲ್ಲ.

ಇಷ್ಟನ್ನೂ ಹೇಳಬೇಕು: ಚೆಂಡು ತರಬಲ್ಲವನು ಬೇರೊಬ್ಬನಿಲ್ಲದ ತಂಡದಲ್ಲಿ ನನ್ನ ವಾದ ನಿಲ್ಲದು. ಎಳೆಯ ವಯಸ್ಸಿನಲ್ಲಿ ಪುಟಿಸುವುದನ್ನು ಎಲ್ಲರೂ ಕಲಿಯಲೇಬೇಕು.

ಕಡೆಗೆ ಒಂದು ಒಪ್ಪಂದವಾಯಿತು. ಪ್ರತಿ ಪಂದ್ಯದ ಒಂದು ಕ್ವಾರ್ಟರ್, ಹತ್ತು ನಿಮಿಷ, ಚೆಂಡು ಹುಡುಗನದು. ಉಳಿದ ಮೂರರಲ್ಲಿ ನಾನು ಹೇಳಿದಂತೆ. ಮುಂದಿನ ತಿಂಗಳು ಜಿಲ್ಲಾ ತಂಡದ ಆಯ್ಕೆ. ಆಯ್ಕೆಗಾರರು ಯಾವ ಕ್ವಾರ್ಟರ್‌ಗೆ ಬಂದು ಕೂರುವರೋ ಕಾಣೆ.