ಮಂಗಳವೇಢೆಯ ಜೋಳ, ಮೇಲಿನಿಂದ

ಪುಣೆಯಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು, ಪಂಢರಪುರ ದಾಟಿ ದಕ್ಷಿಣಕ್ಕೆ ಹೊರಳಿದರೆ ಕಬ್ಬು ಕಮ್ಮಿಯಾಗುತ್ತ ಹೋಗಿ ಜೋಳ ಶುರುವಾಗುತ್ತದೆ. ಮಂಗಳವೇಢೆಯ ಎರೆಹೊಲಗಳು ಕಣ್ಣು ಹಾಯುವಷ್ಟು ದೂರ ಸಪಾಟು. ಕಲ್ಯಾಣಕ್ಕೆ ಹೋಗುವ ಮುಂಚೆ ಬಸವಣ್ಣನವರು ಇದ್ದ ಊರಿದು. ಬರಗಾಲದಲ್ಲಿ ಬೀದರ್ ಸುಲ್ತಾನರ ಕಣಜ ತೆರೆದು ಜನರಿಗೆ ಕಾಳು ಹಂಚಿದನೆಂದು ಹೇಳುವ ದಾಮಾಜಿ ಪಂತನದೂ ಇದೇ ಊರು. ಇಲ್ಲಿಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಪುಣೆಯ ನಮ್ಮ ಮನೆಯ ರೊಟ್ಟಿಗೂ ಇದೇ ಹಿಟ್ಟು ಬೇಕು.

ಡಿಸೆಂಬರ್ ಮೊದಲ ವಾರ ನಾವು ಹೋದದ್ದು ಸಹೋದ್ಯೋಗಿಯ ಸೋದರಮಾವನ ಹೊಲಕ್ಕೆ. ಶಾಲೆ ಮರಾಠಿ, ಮನೆಮಾತು ಕನ್ನಡ ಇರುವ ಹಳ್ಳಿ. ಐದು ಎಕರೆ ಮಾಲದಂಡಿ, ಹೊಡೆ ಹಂತದಲ್ಲಿತ್ತು. ಹಿಂಗಾರಿ ಜೋಳ ಬಹುಪಾಲು ಬದುಕುವುದೇ ನೆಲ ಹಿಡಿದಿಟ್ಟ ಹಸಿಯ ಮೇಲೆ. ಈ ಹಂತದಲ್ಲಿ ಒಂದು ನೀರು ಕೊಟ್ಟರೆ ಕಾಳು ತುಂಬುತ್ತದೆ. ಮಾವನವರ ಬಾವಿಯಲ್ಲಿ ಇದ್ದದ್ದು ಒಂದೂವರೆ ಎಕರೆಗೆ ಸಾಕಾಗುವ ನೀರು. ಯಾವ ಒಂದೂವರೆ ಎಕರೆ?

ಸಹೋದ್ಯೋಗಿಯ ಡ್ರೋನ್ ಹತ್ತು ನಿಮಿಷ ಹಾರಿತು. ಹಸಿರೆಲೆ ಕೆಂಪು ಬೆಳಕನ್ನು ನುಂಗುತ್ತದೆ, ನಮ್ಮ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಹಿಂದಕ್ಕೆ ಚೆಲ್ಲುತ್ತದೆ. ಎರಡರ ಅಂತರವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ ಎಂಬ ಸಂಖ್ಯೆ. ಒಂದರ ಕಡೆಗೆ ಹೋದಷ್ಟೂ ಎಲೆ ದಟ್ಟ. ಚಿತ್ರಗಳನ್ನು ಹೊಲಿದು ನಕಾಶೆ ಮಾಡುವುದು ನನ್ನ ಪಾಲಿನ ಕೆಲಸ. ಬೇವಿನ ನೆರಳಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ.

“ತಮ್ಮಾ, ಎಷ್ಟ ಚೀಲ ಆಗ್ತಾವ ಹೇಳ್ತದೇನ ಇದು?”

“ಇಲ್ರೀ ಮಾವಾರ. ಎಲ್ಲಿ ಹೆಚ್ಚು ಎಲ್ಲಿ ಕಮ್ಮಿ ಅಂತಷ್ಟ ಹೇಳ್ತದ.”

ಹಿಂದಿನ ಸುಗ್ಗಿಗಳ ತೂಕ ಜೋಡಿಸದೆ ಹಸಿರನ್ನು ಕ್ವಿಂಟಲ್ ಮಾಡಲಾಗದು. ಮೊದಲ ಹಾರಾಟದಲ್ಲೇ ಇಳುವರಿ ಹೇಳುತ್ತೇವೆ ಎನ್ನುವ ಜಾಹೀರಾತುಗಳನ್ನು ನಾನು ನಂಬುವುದಿಲ್ಲ. ಎಲೆ ಒಂದು ಮಟ್ಟಕ್ಕಿಂತ ದಟ್ಟವಾದರೆ ಈ ಸಂಖ್ಯೆ ಮೇಲೇರುವುದನ್ನೇ ಬಿಡುತ್ತದೆ. ಮೇಲಾಗಿ ಕ್ಯಾಮೆರಾ ನೋಡುವುದು ಎಲೆಯನ್ನು, ಆಗಿನ್ನೂ ಹೊರಬರದ ತೆನೆಯನ್ನಲ್ಲ.

ನಕಾಶೆಯಲ್ಲಿ ಮೂಡಣದ ಪಟ್ಟಿ ಕಡುಹಸಿರು, ನಡುವೆ ಒಂದು ಹಳದಿ ಮಚ್ಚೆ. ಹಳದಿಗೇ ನೀರು ಬೇಕೇನೋ ಎಂದು ಸಹೋದ್ಯೋಗಿ ಅಂದ. ಮಾವ ಮಾತಾಡದೆ ಜೋಳದೊಳಗೆ ನುಗ್ಗಿದರು. ಎದೆಯೆತ್ತರದ ಬೆಳೆಯಲ್ಲಿ ಹತ್ತು ಸಾಲಿನಾಚೆ ಏನೂ ಕಾಣದು. ಆ ಮಚ್ಚೆ ಇಷ್ಟು ದೊಡ್ಡದಿದೆ ಎಂದು ಅವರಿಗೂ ಗೊತ್ತಿರಲಿಲ್ಲ. ಬಂದು ಹೇಳಿದರು: “ಸುಳಿ ನೊಣ ತಿಂದದ. ಗಿಡಾನ ಇಲ್ಲ, ನೀರ ಯಾರಿಗಿ ಕುಡಸೂದು?”

ಆಮೇಲೆ ಕಡುಹಸಿರಿನ ಮೇಲೆ ಬೆರಳಿಟ್ಟರು. “ಇಲ್ಲಿ ಮೊಳ ಅಗದ್ರ ಗರಸ ಹತ್ತತದ. ತಿಪ್ಪಿಗೊಬ್ಬರ ಹಾಕೀನಂತ ಈಗ ಹಸರ ಅದ. ಎಳ್ಳ ಅಮಾಸಿಗಿ ಚರಗ ಚೆಲ್ಲಾಕ ಬಾ, ಒಣಗಿ ನಿಂತಿರ್ತದ.”

ಲೆಕ್ಕ ಸರಿಯಾಗಿಯೇ ಇತ್ತು. ಎಲೆ ದಟ್ಟವಾದಷ್ಟೂ ಗಿಡ ಹಸಿಯನ್ನು ಬೇಗ ಹೀರುತ್ತದೆ. ಮಣ್ಣು ತೆಳುವಾದರೆ ಕಾಳು ತುಂಬುವ ಹೊತ್ತಿಗೆ ಏನೂ ಉಳಿಯದು. ಪಡುವಣದ ಆಳ ಎರೆಯಲ್ಲಿ ಬಣ್ಣ ಮಂಕಾಗಿದ್ದರೂ ಅಲ್ಲಿಯ ಗಿಡ ತನ್ನಷ್ಟಕ್ಕೆ ತಾನು ದಡ ಸೇರುತ್ತದೆ. ಹಸಿರು ಪಟ್ಟಿಯನ್ನು ಅಳೆದೆ: ಎಕರೆಗಿಂತ ತುಸು ಹೆಚ್ಚು. ಬಾವಿಯ ನೀರಿಗೆ ಹೊಂದುವಷ್ಟೇ.

ನೀರು ತಪ್ಪಿದರೆ ನಷ್ಟ ಕಾಳಿನದಷ್ಟೇ ಅಲ್ಲ. ಕಣಕಿ ಎರಡು ಎತ್ತು, ಒಂದು ಎಮ್ಮೆಯ ವರ್ಷದ ಮೇವು.

ಸಂಜೆ ಮೋಟಾರು ಚಾಲೂ ಆಯಿತು. ಪೈಪನ್ನು ಮೂಡಣಕ್ಕೆ ಎಳೆದರು, ನಾನೂ ಒಂದು ತುದಿ ಹಿಡಿದೆ. ಪಟ್ಟಿಯ ಕೊನೆಯ ಹತ್ತು ಸಾಲನ್ನು ಮಾತ್ರ ನೀರಿಲ್ಲದೆ ಬಿಡಲು ಮಾವನವರನ್ನು ಕೇಳಿಕೊಂಡೆ. ಸುಗ್ಗಿಯಲ್ಲಿ ಎರಡನ್ನೂ ಬೇರೆ ರಾಶಿ ಮಾಡಿ ತೂಗುವುದೆಂದು ಮಾತಾಗಿದೆ. ಐದು ಸಾಲಿಗೆ ಒಪ್ಪಿದರು.