ಹಾಲಿನ ಲೆಕ್ಕದ ಕ್ಯಾಲೆಂಡರ್

ತ್ಯಾವರೆಕೊಪ್ಪದಲ್ಲಿ ರಾತ್ರಿ ಸಿಂಹ ಗರ್ಜಿಸಿದರೆ ಊರವರು ಮಗ್ಗಲು ಬದಲಿಸಿ ಮತ್ತೆ ನಿದ್ದೆ ಹೋಗುತ್ತಾರೆ. ಶಿವಮೊಗ್ಗದಿಂದ ಸಾಗರ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಬಂದರೆ ಸಿಗುವ ಆ ಹುಲಿ-ಸಿಂಹಧಾಮ 1988ರಿಂದಲೂ ಅಲ್ಲೇ ಇದೆ. ನಮ್ಮಕ್ಕನ ಮಗ ಪುಟ್ಟುವಿಗೆ ಆ ದನಿಯೇ ಜೋಗುಳ. ಮಲಗಿದಲ್ಲೇ ‘ಊಂ’ ಎಂದು ಉತ್ತರ ಕೊಡುತ್ತಿದ್ದ. ಮಂಗಳವಾರ ಸಫಾರಿಗೆ ರಜೆ ಎನ್ನುವುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮೂರು ತುಂಬುವ ಹೊತ್ತಿಗೇ ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಆಟಿಸಂ ಎಂದು ಹೇಳಿದ್ದರು. ಮಾತು ಕಡಿಮೆ. ನೋವು ಎನ್ನುವ ಮಾತಂತೂ ಅವನ ಬಾಯಲ್ಲಿ ಬಂದದ್ದೇ ಇಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಗಿ ಸಫಾರಿಯೂ ಶಾಲೆಯೂ ಮುಚ್ಚಿದವು. ಆಗ ಅವನಿಗೆ ಒಂಬತ್ತು ವರ್ಷ. ಎಲ್ಲರೂ ಹೆದರಿದ್ದರೂ ಅವನು ಆ ತಿಂಗಳುಗಳನ್ನು ಹೇಗೋ ದಾಟಿದ. ಮಳೆ ಹಿಡಿದು, ಊರು ಮತ್ತೆ ಓಡಾಡತೊಡಗಿದ ಮೇಲೆ ಕೆಟ್ಟಿತು ನೋಡಿ. ತಟ್ಟೆ ಎತ್ತಿ ಎಸೆಯುವುದು, ಮುಂಗೈ ಕಚ್ಚಿಕೊಳ್ಳುವುದು, ಮುಷ್ಟಿಯಿಂದ ದವಡೆಗೆ ಗುದ್ದಿಕೊಳ್ಳುವುದು. ರಾತ್ರಿ ಮಲಗಿಸಿದರೆ ಚೀರಿಕೊಂಡು ಏಳುತ್ತಿದ್ದ. ಸಿಂಹ ಕೂಗಿದರೂ ಕಿವಿ ಮುಚ್ಚಿಕೊಳ್ಳುತ್ತಿದ್ದ.

ಬಂದವರೆಲ್ಲ ಒಂದೊಂದು ಕಾರಣ ಕೊಟ್ಟರು. ದೃಷ್ಟಿ ಆಗಿದೆ, ಮೆಣಸಿನಕಾಯಿ ಇಳಿತೆಗೆಯಿರಿ ಎಂದರು. ಮನೆಯಲ್ಲೇ ಕೂತು ಹಠ ಕಲಿತಿದ್ದಾನೆ ಎಂದರು. ತೋರಿಸಲು ಹೋದಾಗ ಒಬ್ಬ ವೈದ್ಯರು ಅವನ ಮೈ ಮುಟ್ಟದೆಯೇ, “ಆಟಿಸಂ ಅಲ್ವಾ ಅಮ್ಮ, ಇಂಥ ಮಕ್ಕಳು ಹೀಗೇ” ಅಂದರು. ಆ ಮಾತು ನೆನೆದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಲಿಯೋ ಕ್ಯಾನರ್ 1943ರಲ್ಲಿ ಹನ್ನೊಂದು ಮಕ್ಕಳನ್ನು ಕುರಿತು ಬರೆದಾಗಲೇ, ಎಲ್ಲವೂ ಇದ್ದ ಹಾಗೇ ಇರಬೇಕೆಂಬ ಅವರ ಹಂಬಲವನ್ನು ಗುರುತಿಸಿದ್ದ. ಅಂಥ ಮಗು ತಾನೇ ಬದಲಾದರೆ ಏನೋ ಆಗಿದೆ ಎಂದಲ್ಲವೇ ಅರ್ಥ?

ಅಕ್ಕ ಅಳುತ್ತಾ ಕೂರಲಿಲ್ಲ. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇತ್ತಲ್ಲ, ಅದರಲ್ಲೇ ಅವನು ಕೂಗಿದ ಹೊತ್ತು, ಅದಕ್ಕೆ ಮುಂಚೆ ಏನು ತಿಂದ, ಎಲ್ಲಿದ್ದ, ಯಾರು ಬಂದಿದ್ದರು ಎಂದು ಗುರುತು ಹಾಕತೊಡಗಿದಳು. ಹಾಳೆ ತುಂಬುತ್ತಾ ಬಂದ ಹಾಗೆ ಗುಟ್ಟು ಬಿಟ್ಟುಕೊಟ್ಟಿತು. ಅಕ್ಕಿರೊಟ್ಟಿ ಮಾಡಿದ ಬೆಳಗು ರಂಪ, ಮೊಸರನ್ನ ಕಲಸಿದ ಮಧ್ಯಾಹ್ನ ಶಾಂತಿ. ಬಿಸಿ ಹಾಲು ಕೊಟ್ಟರೆ ಲೋಟ ಗೋಡೆಗೆ. ರಾತ್ರಿ ಕೂತಿದ್ದಾಗ ತೊಂದರೆಯಿಲ್ಲ, ದಿಂಬಿಗೆ ತಲೆ ಇಟ್ಟ ಮೇಲೆ ಚೀರಾಟ. ನಮ್ಮಮ್ಮ ಅದನ್ನು ಓದಿಸಿ ಕೇಳಿದವರು, “ಎಡಗಡೇಲೇ ಅಗೀತಾನೆ ಕಣೇ, ನಾನು ನೋಡ್ತಾನೇ ಇದೀನಿ” ಅಂದರು.

ಬಾಯಿ ತೆರೆ ಎಂದರೆ ತೆರೆಯುವ ಹುಡುಗನಲ್ಲ. ಆದರೆ ಜೋಕಾಲಿ ಜೋರಾಗಿ ತೂಗಿದರೆ ತಲೆ ಹಿಂದಕ್ಕೆ ಚೆಲ್ಲಿ ನಗುತ್ತಾನೆ. ನಾನು ತೂಗಿದೆ, ಅಕ್ಕ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಮೊಬೈಲಿನ ಬೆಳಕು ಬಿಟ್ಟಳು. ಬಲಗಡೆ ಕೆಳದವಡೆ ಹಲ್ಲಲ್ಲಿ ಕಪ್ಪು ಕುಳಿ, ಸುತ್ತ ಊದಿದ ಒಸಡು. ಆರು ವರ್ಷಕ್ಕೆ ಹಾಲುಹಲ್ಲುಗಳ ಹಿಂದೆ ಮೂಡುವ ದವಡೆ ಹಲ್ಲು ಅದು. ಬೀಳುವ ಹಲ್ಲೇ ಇರಬೇಕು ಎಂದು ಎಷ್ಟೋ ಮನೆಗಳಲ್ಲಿ ಬಿಟ್ಟುಬಿಡುತ್ತಾರೆ. ಹಲ್ಲಿನ ಒಳಗಿನ ತಿರುಳು ಬಾತರೆ ಬಿಸಿ ತಾಗಿದಾಗಲೂ ಮಲಗಿದಾಗಲೂ ನೋವು ಏರುತ್ತದೆ. ಪಾಪದ ಕೂಸು, ನೋವಿದ್ದ ಜಾಗಕ್ಕೇ ಗುದ್ದಿಕೊಂಡು ತೋರಿಸುತ್ತಿತ್ತು.

ಹಲ್ಲಿನ ಡಾಕ್ಟರಮ್ಮ ಒಬ್ಬರು ತಾಳ್ಮೆಯಿಂದ ನಡೆಸಿಕೊಟ್ಟರು. ಅವರ ಕುರ್ಚಿ, ದೀಪ, ಮಾಸ್ಕ್ ಹಾಕಿದ ಮುಖದ ಫೋಟೊ ತಂದು ಮನೆಯಲ್ಲಿ ಅವನಿಗೆ ತೋರಿಸುತ್ತಾ ಬಂದೆವು. ಕಾಯಿಸಬಾರದೆಂದು ದಿನದ ಮೊದಲ ಸರದಿಯೇ ಅವನದ್ದು. ಕೊನೆಗೆ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಟ್ಟೇ ಹಲ್ಲು ಕೀಳಬೇಕಾಯಿತು.

ಅಂದೇ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ದವಡೆಗೆ ಗುದ್ದಿಕೊಳ್ಳುವುದು ಬೇಗ ನಿಂತಿತು, ರಾತ್ರಿಯ ‘ಊಂ’ ಕೂಡ ಬಂತು. ಮುಂಗೈ ಕಚ್ಚುವ ಚಾಳಿ ಮಾತ್ರ ನೋವು ಹೋದ ಮೇಲೂ ಬಹಳ ಕಾಲ ಉಳಿಯಿತು. ಮೈಯ ಚಿತ್ರ ಬರೆದು ಗೋಡೆಗೆ ಅಂಟಿಸಿ, ಎಲ್ಲಿ ನೋವು ಎಂದು ಬೆರಳಿಡಲು ಕಲಿಸಿದೆವು. ಅದನ್ನು ಕಲಿಯಲು ಒಂದು ವರ್ಷದ ಮೇಲೇ ಹಿಡಿಯಿತು.

ಹೋದ ವರ್ಷ ಭದ್ರಾವತಿಯಿಂದ ಒಬ್ಬ ತಾಯಿ ಅಕ್ಕನಿಗೆ ಫೋನ್ ಮಾಡಿದ್ದರು. ಹನ್ನೆರಡರ ಮಗಳು ಇದ್ದಕ್ಕಿದ್ದಂತೆ ಬಟ್ಟೆ ಹರಿದುಕೊಳ್ಳುತ್ತಿದ್ದಾಳೆ, ನಿದ್ದೆಗೆ ಮಾತ್ರೆ ಬರೆಸಲೇ ಎಂದು ಕೇಳಿದರು. ಅಕ್ಕ ತಿರುಗಿ ಕೇಳಿದ್ದು ಬರೀ ಪ್ರಶ್ನೆ. “ಕಿವಿ ಮುಟ್ಕೊಳ್ತಾಳಾ? ಮುಟ್ಟು ಶುರುವಾಗಿದೆಯಾ? ನಡುನಡುವೆ ಕಣ್ಣು ನೆಟ್ಟು ನಿಂತುಬಿಡ್ತಾಳಾ? ಹಾಗಿದ್ರೆ ಫಿಟ್ಸ್ ಇರಬಹುದು, ವಿಡಿಯೊ ಮಾಡಿ ಡಾಕ್ಟರಿಗೆ ತೋರಿಸ್ಬೇಕು. ಶಾಲೇಲಿ ಯಾರಾದ್ರೂ ಹೊಡೆದ್ರಾ? ಹೊಟ್ಟೆ ಸರಿಯಾಗಿ ಹೋಗ್ತಿದೆಯಾ?”

ಅತ್ತ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, “ಇಲ್ಲ ಅಕ್ಕ, ಒಂದು ವಾರದಿಂದ ಕಟ್ಟಿಕೊಂಡಿದೆ” ಅಂದರು.

“ನಾಳೆ ಬೆಳಿಗ್ಗೆಯೇ ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಹೊಟ್ಟೆ ಮುಟ್ಟಿ ನೋಡೋ ತನಕ ಅಲ್ಲಿಂದ ಏಳಬೇಡಿ” ಅಂದಳು ಅಕ್ಕ.