ತಟ್ಟಿ ನೋಡಿದ್ದು ಸಾಲಲಿಲ್ಲ



ಸಂಘದ ಸಮಾರಂಭಗಳಲ್ಲಿ ನೀವು ನನ್ನನ್ನು, "ಅಂಕಲ್, ನಿಮ್ಮದು ಗ್ಯಾರೇಜಾ?" ಎಂದು ಕೇಳುವುದುಂಟು. ಗ್ಯಾರೇಜಲ್ಲ. ಗ್ಯಾರೇಜಿನವರು ಬಿಚ್ಚಿ ತಂದ ಎಂಜಿನ್ನುಗಳನ್ನು ಬೋರ್ ಮಾಡಿಕೊಡುವ ವರ್ಕ್‌ಶಾಪು. ಉಡುಪಿ ಕಡೆಯಿಂದ ಮುಂಬಯಿಗೆ ಬಂದ ನನ್ನ ಓರಗೆಯವರು ಹೆಚ್ಚಾಗಿ ಹೋಟೆಲು ಸೇರಿದರು. ನಾನು ಕುರ್ಲಾದಲ್ಲಿ ಲೇತಿನ ಮುಂದೆ ನಿಂತೆ. ಅಲ್ಲಿ ದುಡ್ಡು ತೆತ್ತು ಕಲಿತ ಒಂದು ಪಾಠವನ್ನು ನಿಮಗೆ ಹೇಳಬೇಕು.

ಎಂಜಿನ್ನಿನ ಬ್ಲಾಕ್ ಎಂದರೆ ಎರಕದ ಕಬ್ಬಿಣದ ಪೆಟ್ಟಿಗೆ. ಈಗೀಗ ಅಲ್ಯೂಮಿನಿಯಂನದೂ ಬರುತ್ತದೆ. ಒಳಗೆ ಸಿಲಿಂಡರುಗಳು, ಅವುಗಳ ಸುತ್ತ ನೀರು ಹರಿಯುವ ದಾರಿ. ನೀರು ಬತ್ತಿ ಎಂಜಿನ್ ಅತಿಯಾಗಿ ಕಾದರೆ ಬ್ಲಾಕ್ ಸೀಳಬಹುದು. ಕೂದಲೆಳೆಯಂಥ ಸೀಳು ಜಿಡ್ಡಿನಡಿಯಲ್ಲಿ ಕಣ್ಣಿಗೆ ಬೀಳುವುದಿಲ್ಲ.

1996ರ ಮಳೆಗಾಲ. ತರಕಾರಿ ಸಾಗಿಸುವ ಟೆಂಪೋದ ಮಾಲಿಕನೊಬ್ಬ ಹಳೆಯ ಬ್ಲಾಕ್ ಒಂದನ್ನು ಕೊಂಡು ತಂದ. "ಅಣ್ಣಾ, ನಾಡಿದ್ದೇ ಗಾಡಿ ರಸ್ತೆಗಿಳಿಯಬೇಕು" ಎಂದ. ನಾನು ಸಣ್ಣ ಸುತ್ತಿಗೆಯಿಂದ ತಟ್ಟಿದೆ. ಠಣ್ ಎಂದಿತು. ಊರಿನಲ್ಲಿ ಅಮ್ಮ ಮಡಕೆ ಕೊಳ್ಳುವಾಗ ಬೆರಳಿನಿಂದ ತಟ್ಟಿ ನೋಡುತ್ತಿದ್ದಳಲ್ಲ, ಅದೇ ಧೈರ್ಯ ನನ್ನದು. 0.50 ಮಿಲಿಮೀಟರ್ ಬೋರ್ ಮಾಡಿ ಕೊಟ್ಟೆ.

ವಾರದೊಳಗೆ ಗಾಡಿ ನಿಂತಿತು. ಎಂಜಿನ್ ಎಣ್ಣೆ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಸಿಲಿಂಡರಿನ ಬುಡದ ಸೀಳಿನಿಂದ ನೀರು ಎಣ್ಣೆಗಿಳಿದು ಬೇರಿಂಗುಗಳೂ ಹೋಗಿದ್ದವು. ಆತ ಬೈಯಲಿಲ್ಲ. "ಅಣ್ಣಾ, ನಿಮ್ಮನ್ನು ನಂಬಿ ಕೊಟ್ಟಿದ್ದೆ" ಎಂದಷ್ಟೇ ಅಂದ. ಬೈದಿದ್ದರೆ ಚೆನ್ನಾಗಿತ್ತು. ಊರ ಮನೆಯ ಮಾಡಿಗೆ ಹೆಂಚು ಹೊದಿಸಲು ಕೂಡಿಟ್ಟ ಹಣದಿಂದ ಬೇರೆ ಬ್ಲಾಕ್ ತಂದು ಎಲ್ಲವನ್ನೂ ಮಾಡಿಕೊಟ್ಟೆ. ಆ ಮಳೆಗಾಲ ಊರ ಮನೆ ಸೋರಿತು.

ತಟ್ಟುವುದು ತಪ್ಪಲ್ಲ, ದೊಡ್ಡ ಬಿರುಕಿದ್ದರೆ ಬದ್ದೆಂಬ ಸದ್ದು ಸುಳಿವು ಕೊಡುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬಾರದು. ಮೊದಲು ಬ್ಲಾಕನ್ನು ಚೆನ್ನಾಗಿ ತೊಳೆಯಬೇಕು. ಸೀಮೆಎಣ್ಣೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಒರೆಸಿ, ಸೀಮೆಸುಣ್ಣದ ಪುಡಿ ಬಳಿದರೆ ಸೀಳಿನಲ್ಲಿ ಅಡಗಿದ ಎಣ್ಣೆ ಒಸರಿ ಗೆರೆ ಮೂಡುತ್ತದೆ. ಕಬ್ಬಿಣದ ಬ್ಲಾಕಾದರೆ ಅಯಸ್ಕಾಂತವಿಟ್ಟು ಕಬ್ಬಿಣದ ನುಣ್ಣನೆ ಪುಡಿ ಉದುರಿಸಬಹುದು. ಪುಡಿ ಸೀಳಿನ ಉದ್ದಕ್ಕೂ ಸಾಲುಗಟ್ಟುತ್ತದೆ. ಅಲ್ಯೂಮಿನಿಯಂಗೆ ಅಯಸ್ಕಾಂತ ಹಿಡಿಯದು, ಅದಕ್ಕೆ ಬಣ್ಣದ ದ್ರವದ ಪರೀಕ್ಷೆ. ಇಷ್ಟಾದರೂ ಒಳಗಿನ ಸೀಳು ತಪ್ಪಿಸಿಕೊಳ್ಳಬಹುದು. ಆದ್ದರಿಂದ ನೀರಿನ ದಾರಿಗಳನ್ನೆಲ್ಲ ರಬ್ಬರು, ಪಟ್ಟಿಗಳಿಂದ ಮುಚ್ಚಿ, ಗಾಳಿಯ ಒತ್ತಡ ಕೊಟ್ಟು, ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ಏಳುತ್ತದೆಯೇ ಎಂದು ಕಾಯಬೇಕು. ಆಮೇಲೆ ಬೋರು ಸವೆದ ಅಳತೆ, ಮೇಲ್ಮೈ ಸಮ ಇದೆಯೇ ಎಂಬ ಪರೀಕ್ಷೆ. ಇವೆಲ್ಲ ಮುಗಿದ ಮೇಲೆಯೇ ಯಂತ್ರಕ್ಕೆ ಏರಿಸುವುದು. ಕೆಟ್ಟ ಬ್ಲಾಕಿನ ಮೇಲೆ ಎಷ್ಟು ನಾಜೂಕಾಗಿ ಬೋರ್ ಮಾಡಿದರೂ ದುಡಿಮೆ ನೀರುಪಾಲು.

ನಿಮ್ಮಲ್ಲಿ ಹೆಚ್ಚಿನವರ ಕೈಗೆ ಎಣ್ಣೆಮಸಿ ಹತ್ತಲಿಕ್ಕಿಲ್ಲ. ಆದರೆ ಬೇರೆಯವರ ಆತುರಕ್ಕೆ ನಿಮ್ಮ ಪರೀಕ್ಷೆಯನ್ನು ಬಿಟ್ಟುಕೊಡುವ ದಿನ ಎಲ್ಲ ಕೆಲಸದಲ್ಲೂ ಬರುತ್ತದೆ. ಆಗ "ಇನ್ನೊಂದು ದಿನ ಬೇಕು" ಎನ್ನಲು ಸಂಕೋಚಪಡಬೇಡಿ.

ಆ ಟೆಂಪೋದವನು ಎರಡು ವರ್ಷದ ಮೇಲೆ ಇನ್ನೊಂದು ಎಂಜಿನ್ ಹೊತ್ತು ನನ್ನ ಬಾಗಿಲಿಗೇ ಬಂದ. ಇಳಿಸುತ್ತಲೇ ನಗುತ್ತಾ ಕೇಳಿದ: "ಅಣ್ಣಾ, ಎಷ್ಟು ದಿನ ಬೇಕೋ ತಗೊಳ್ಳಿ."